ಗಿಳಿ ಬಣ್ಣ ಹೇಳುವ ಮೊದಲೇ ನೇಯ್ದವರು

ಗುಡ್ಡಬೆಟ್ಟಗಳು ಮಾತಾಡುತ್ತಿದ್ದ ಕಾಲದಲ್ಲಿ ಹವಳದುರ್ಗವೆಂಬ ರಾಜ್ಯವಿತ್ತು. ಅದರ ರಾಣಿ ಪದ್ಮಾಂಬೆಯನ್ನು ಧೂಮ್ರನೆಂಬ ಮಾಯಾವಿ ಕಲ್ಲು ಮಾಡಿ, ತಾನೇ ಸಿಂಹಾಸನವೇರಿದ. ಬಿಡುಗಡೆಗೆ ಅವನಿಟ್ಟ ಷರತ್ತು ಇದು: ನಾಲ್ಕು ಪಟ್ಟಿಯ ಸೀರೆಯನ್ನು ಒಂದೇ ಹಗಲಿನಲ್ಲಿ ನೇಯ್ದು ರಾಣಿಗೆ ಹೊದಿಸಬೇಕು. ಮೊದಲ ಪಟ್ಟಿಯ ಬಣ್ಣವನ್ನು ಅವನ ಕಲ್ಲಿನ ಗಿಳಿ ಮುಂಜಾನೆಯೇ ಹೇಳುತ್ತದೆ; ಆಮೇಲೆ ಒಂದೊಂದು ಪಟ್ಟಿ ಮುಗಿದಾಗ ಅದರ ಕೊನೆಯ ಎಳೆ ಮುಟ್ಟಿ ಮುಂದಿನ ಪಟ್ಟಿಯ ಬಣ್ಣ ಹೇಳುತ್ತದೆ. ಸೀರೆಗೆ ಬೇರೆ ಬಣ್ಣ ಸೇರಿದರೆ, ಇಲ್ಲವೇ ಹೊತ್ತು ಮುಳುಗಿದರೆ, ನೇಯ್ದವರೂ ಕಲ್ಲಾಗುತ್ತಾರೆ.

ಒಂದು ಪಟ್ಟಿಗೇ ಅರ್ಧ ಹಗಲು ಬೇಕು. ದಿನಕ್ಕೊಬ್ಬರಂತೆ ಏಳು ಮಂದಿ ನೇಕಾರರು ಎರಡೆರಡೇ ಪಟ್ಟಿ ಮುಗಿಸಿ ಕಲ್ಲಾಗಿ ನಿಂತಿದ್ದರು.

ಹಂಪವ್ವನೆಂಬ ನೇಕಾರಳು ಆ ಏಳೂ ದಿನ ಅರಮನೆಯ ಅಂಗಳದಲ್ಲಿ ನಿಂತು ನೋಡಿದ್ದಳು. ಗಿಳಿ ಬಲ್ಲದ್ದು ನಾಲ್ಕೇ ಬಣ್ಣ: ನೀಲಿ, ಕೆಂಪು, ಹಸಿರು, ಹಳದಿ. ಅದರಲ್ಲೂ ಹೆಚ್ಚಾಗಿ ಹೇಳುತ್ತಿದ್ದದ್ದು ಕೆಂಪು. ಎಂಟನೆಯ ಮುಂಜಾನೆ ಅವಳು ಮೂವರು ತಂಗಿಯರೊಂದಿಗೆ ನಾಲ್ಕು ಮಗ್ಗ ಹೂಡಿದಳು. ಮೊದಲ ಪಟ್ಟಿಗೆ ಗಿಳಿ ನೀಲಿ ಎಂದಿತು. ಅದನ್ನು ತಾನು ಹಿಡಿದು, ಉಳಿದ ಮೂರು ಪಟ್ಟಿಗಳನ್ನು ಕೆಂಪಿನಲ್ಲಿ ಆಗಲೇ ಶುರುಮಾಡಲು ತಂಗಿಯರಿಗೆ ಹೇಳಿದಳು.

"ಗಿಳಿ ಇನ್ನೂ ಹೇಳಿಲ್ಲವಲ್ಲ, ಅಕ್ಕಾ. ತಪ್ಪಿದರೆ?" ಎಂದು ಕಿರಿಯವಳು ಬಾಳವ್ವ ಕೇಳಿದಳು.

"ತಪ್ಪಿದ್ದನ್ನು ಬದಿಗಿಡೋಣ. ಗಿಳಿ ಒಪ್ಪಿದ್ದನ್ನಷ್ಟೇ ಸರದಿಯಂತೆ ಹೊಲಿಯೋಣ."

ನಾಲ್ಕು ಲಾಳಿಗಳು ಒಟ್ಟಿಗೆ ಓಡಿದವು. ನಡುಹಗಲಿಗೆ ನಾಲ್ಕೂ ಪಟ್ಟಿ ಸಿದ್ಧ. ಗಿಳಿ ನೀಲಿಯ ಕೊನೆ ಮುಟ್ಟಿ ಕೆಂಪು ಎಂದಿತು. ಎರಡನೆಯದನ್ನು ಹೊಲಿದರು. ಅದರ ಕೊನೆ ಮುಟ್ಟಿ ಹಸಿರು ಎಂದಿತು. ಮೂರನೆಯದು ಬಾಳವ್ವ ನೇಯ್ದ ಕೆಂಪು ಪಟ್ಟಿ. ಅವಳ ಮುಖ ಬಾಡಿತು. ಅರ್ಧ ಹಗಲಿನ ದುಡಿಮೆ ಮಣ್ಣುಪಾಲಾಯಿತೆಂದು ಧೂಮ್ರ ನಕ್ಕ.

ಹಂಪವ್ವ ಆ ಪಟ್ಟಿಯನ್ನು ಮಡಿಸಿ ಬದಿಗಿಟ್ಟು, ತಂಗಿಯ ಮಗ್ಗಕ್ಕೆ ಹಸಿರು ನೂಲು ಹೂಡಿಕೊಟ್ಟಳು. ಮಿಕ್ಕ ಮೂರು ಮಗ್ಗಗಳು ಸುಮ್ಮನೆ ನಿಂತಿದ್ದವು. ನಾಲ್ಕನೆಯ ಪಟ್ಟಿಗೆ ಕೆಂಪು ಇದ್ದೇ ಇತ್ತು. ಆದರೆ ಗಿಳಿಯ ಮನಸ್ಸು ಬಲ್ಲವರಾರು? ಅದೇ ಪಟ್ಟಿಯನ್ನು ತಾನು ನೀಲಿಯಲ್ಲಿ, ಒಬ್ಬ ತಂಗಿ ಹಸಿರಿನಲ್ಲಿ, ಇನ್ನೊಬ್ಬಳು ಹಳದಿಯಲ್ಲಿ ನೇಯತೊಡಗಿದರು.

ಸೂರ್ಯ ಕೋಟೆಗೋಡೆ ತಾಗುವ ಹೊತ್ತಿಗೆ ಬಾಳವ್ವ ಹಸಿರು ಪಟ್ಟಿಯ ಕೊನೆಯ ಎಳೆ ಬಿಗಿದಳು. ಗಿಳಿ ಅದನ್ನು ಮುಟ್ಟಿ ಹಳದಿ ಎಂದಿತು. ಹಳದಿ ಪಟ್ಟಿ ಸಿದ್ಧವಾಗಿತ್ತು. ಎರಡನ್ನೂ ಹೊಲಿದೇಬಿಟ್ಟರು.

ಒಂದಾದ ಮೇಲೊಂದು ನೇಯ್ದಿಲ್ಲ, ಇದು ಮೋಸವೆಂದು ಧೂಮ್ರ ಗದರಿದ.

ಹಂಪವ್ವ ಸೀರೆಯನ್ನು ಅವನ ಮುಂದೆ ಹರವಿದಳು. "ಒಂದಾದ ಮೇಲೊಂದು ನೇಯ್ದಿದ್ದರೂ ಇದೇ ಸೀರೆ ಆಗುತ್ತಿತ್ತು. ಒಂದೆಳೆ ಬೇರೆ ಇದ್ದರೆ ತೋರಿಸು."

ಧೂಮ್ರ ಎಳೆಎಳೆ ಹುಡುಕಿದ, ಸಿಗಲಿಲ್ಲ. ಸೀರೆ ರಾಣಿಯ ಹೆಗಲಿಗೇರಿದಂತೆ ಅವನು ಹೊಗೆಯಾಗಿ ಚದುರಿಹೋದ. ರಾಣಿ ಕಣ್ಣು ತೆರೆದಳು. ಏಳು ನೇಕಾರರೂ ಮೈಮುರಿದು ಎಚ್ಚೆತ್ತರು.

ಇದನ್ನು ನೇಯ್ದ ಕೈ ಯಾವುದೆಂದು ರಾಣಿ ಕೇಳಿದಳು. ಹಂಪವ್ವ ಬಾಳವ್ವನನ್ನು ಮುಂದೆ ನಿಲ್ಲಿಸಿದಳು.

"ಎಂಟು ಕೈ, ತಾಯೀ. ಒಂದು ಪಟ್ಟಿ ತಪ್ಪಿತೆಂದು ಕೈಚೆಲ್ಲದೆ ಇನ್ನೊಂದು ನೇಯ್ದವಳು ಇವಳು. ನನ್ನ ತಂಗಿ."

ಬಾಳವ್ವ ತಲೆಯೆತ್ತಿ ನಿಂತಳು. ಅಂದಿನಿಂದ ಹವಳದುರ್ಗದ ಮಗ್ಗಗಳು ನಿಲ್ಲಲಿಲ್ಲ, ಅಲ್ಲಿನ ಜನರಿಗೆ ಉಡಲು ಉಣ್ಣಲು ಕೊರತೆಯಾಗಲಿಲ್ಲ. ಎಲ್ಲರೂ ನಗುನಗುತ್ತ ಬಾಳಿದರು.