ಮೊಸ್ಯೂಗೆ ಕೆನೆ ಬೇಡ

"ಇನ್ನೊಂದು ಸಲ ಹೇಳಿ. ತುಟಿ ಸ್ವಲ್ಪ ಮುಂದೆ ಬರಬೇಕು," ಎಂದ ವೇಟರ್.

ತುಟಿ ಮುಂದೆ ತಂದರೆ ಇವನ ಕಣ್ಣಿಗೆ ಹೇಗೆ ಕಾಣುತ್ತೇನೋ ಎಂದು ಅವಳು ಮೆನು ಕಾರ್ಡನ್ನು ಮೂಗಿನವರೆಗೂ ಎತ್ತಿ ಹಿಡಿದು ಉಸುರಿದಳು. "ಜ ವುದ್ರೆ..." ಫ್ರೆಂಚಿನಲ್ಲಿ ಹಾಗೆಂದರೆ, ನನಗೆ ಬೇಕು.

"ಕಾರ್ಡ್ ಕೆಳಗಿಳಿಸಿ. ಮುಖ ಕಾಣದೆ ಹೇಗೆ ತಿದ್ದಲಿ?"

"ನೀವು ನೋಡ್ತಿರೋದು ತಿದ್ದೋಕೋ, ನಗೋಕೋ?"

"ಎರಡಕ್ಕೂ."

ಅವಳು ಪಕ್ಕದ ಬೀದಿಯ ಟೈಲರ್. ಈ ಫ್ರೆಂಚ್ ರೆಸ್ಟೋರೆಂಟಿನ ವೇಟರ್‌ಗಳ ಕಪ್ಪು ಕೋಟುಗಳೆಲ್ಲ ರಿಪೇರಿಗೆ ಅವಳ ಅಂಗಡಿಗೇ ಬರುತ್ತಿದ್ದವು. ಬರುವ ಭಾನುವಾರ ಹಲ್ಲಿನ ಡಾಕ್ಟರೊಬ್ಬರು ಅವಳನ್ನು ಭೇಟಿಯಾಗಲು ಇಲ್ಲಿಗೇ ಬರುವವರಿದ್ದರು. ಇಬ್ಬರಿಗೂ ಒಪ್ಪಿಗೆಯಾದರೆ ಮದುವೆ. ಸಂಬಂಧ ಹುಡುಕಿದ್ದು ಅವಳನ್ನು ಸಾಕಿದ ಚಿಕ್ಕಮ್ಮ. "ಅಲ್ಲಿ ಎಲ್ಲಾ ಫ್ರೆಂಚಲ್ಲೇ ಇರುತ್ತಂತೆ. ಬೆಬ್ಬೆಬ್ಬೆ ಅಂದು ನನ್ನ ಮಾನ ಕಳೀಬೇಡ ಕಣೇ," ಎಂದಿದ್ದರು. ಚಿಕ್ಕಮ್ಮನ ಮಾತು ತೆಗೆದುಹಾಕುವುದು ಅವಳಿಂದಾಗದ ಕೆಲಸ. ಹಾಗಾಗಿ ಮಧ್ಯಾಹ್ನದ ಊಟ ಮುಗಿದು ರೆಸ್ಟೋರೆಂಟ್ ಬಾಗಿಲು ಹಾಕಿದ ಮೇಲೆ, ಖಾಲಿ ತಟ್ಟೆಗಳ ಮುಂದೆ ಈ ಪಾಠ.

"ಎದುರಿಗೆ ಕೂತವರಿಗೂ ನೀವೇ ಹೇಳಬೇಕಾಗಬಹುದು. ಸದ್ಯಕ್ಕೆ ಅದು ನಾನು ಅಂದ್ಕೊಳ್ಳಿ," ಎಂದು ಅವನು ಎದುರು ಕುರ್ಚಿ ಎಳೆದುಕೊಂಡ.

"ನಿಮಗೇನು ತರಿಸಲಿ?"

"ಮೀನು. ಕೆನೆ ಮಾತ್ರ ಬೇಡ, ಹೊಟ್ಟೆಗೆ ಆಗಲ್ಲ."

"ಫ್ರೆಂಚ್ ಅಡುಗೆ ಬಡಿಸೋರಿಗೆ ಕೆನೆ ಆಗಲ್ವಾ! ಈಜು ಬರದ ಅಂಬಿಗನ ಹಾಗಾಯ್ತಲ್ರೀ!"

ಅವನು ನಕ್ಕ. ನಕ್ಕಾಗ ಎಡಗೆನ್ನೆಯಲ್ಲಿ ಗುಳಿ ಬೀಳುವುದನ್ನು ಅವಳು ನೋಡಿದಳು, ನೋಡಿಲ್ಲವೆಂಬಂತೆ ಚಮಚ ಸರಿಮಾಡಿದಳು. ಆಮೇಲೆ ದಿನವೂ ಅದೇ ಪಾಠ. ತನಗೆ ಈರುಳ್ಳಿ ಸೂಪ್, ಮೊಸ್ಯೂಗೆ, ಅಂದರೆ ಎದುರಿಗೆ ಕೂತ ಸಾರ್‌ಗೆ, ಮೀನು. ಅದೂ ಸಾಂ ಕ್ರೆಮ್, ಅಂದರೆ ಕೆನೆ ಇಲ್ಲದೆ. ಅಂಗಡಿಯಲ್ಲಿ ಮಿಷನ್ ತುಳಿಯುವಾಗಲೂ ಅದೇ ಮಾತು ನಾಲಿಗೆಯ ಮೇಲೆ ಹೊರಳುತ್ತಿತ್ತು.

ಭಾನುವಾರ ಬಂದೇಬಿಟ್ಟಿತು. ಡಾಕ್ಟರು ಒಳ್ಳೆಯ ಮನುಷ್ಯ, ಸ್ವಲ್ಪ ಬೊಕ್ಕತಲೆ, ಮಾತಿನಲ್ಲಿ ಮೆದು. ಮೆನು ತೆರೆದು ಪೆಚ್ಚಾಗಿ ನಕ್ಕರು. "ಈ ಜಾಗ ನಮ್ಮಕ್ಕ ಆರಿಸಿದ್ದು. ನನಗೆ ಒಂದಕ್ಷರ ಗೊತ್ತಾಗ್ತಿಲ್ಲ. ನೀವೇ ಹೇಳಿಬಿಡಿ. ನನಗೆ ಮೀನು, ಕೆನೆ ಧಾರಾಳವಾಗಿರಲಿ."

ಪಕ್ಕದಲ್ಲಿ ನಿಂತಿದ್ದವನು ಅವನೇ. ಅವಳೇ ರಿಪೇರಿ ಮಾಡಿಕೊಟ್ಟ ಕೋಟು, ಯಾರದೋ ಎನ್ನುವಂಥ ಮುಖ. ಅವಳು ಉಸಿರೆಳೆದುಕೊಂಡು ಒಂದೂ ತಪ್ಪಿಲ್ಲದೆ ಗಡಗಡ ಹೇಳಿ ಮುಗಿಸಿದಳು.

ಆರ್ಡರ್ ಅಡುಗೆಮನೆಗೆ ಹೋಗುವ ಮುಂಚೆ ಗಿರಾಕಿಯ ಭಾಷೆಯಲ್ಲಿ ಅದನ್ನು ಮತ್ತೆ ಹೇಳಿ ಖಾತ್ರಿ ಮಾಡಿಕೊಳ್ಳುವುದು ಅಲ್ಲಿಯ ಪದ್ಧತಿ. ಅವನು ಹೇಳಿದ. "ಮೇಡಂಗೆ ಈರುಳ್ಳಿ ಸೂಪ್. ಸಾರ್‌ಗೆ ಮೀನು..." ಅಲ್ಲಿಗೆ ಚೀಟಿಯಿಂದ ಕಣ್ಣೆತ್ತಿ ಅವಳನ್ನು ನೋಡಿದ. "ಕೆನೆ ಇಲ್ಲದೆ."

"ಕೆನೆ ಬೇಕು ಅಂದೆನಲ್ಲ?" ಎಂದರು ಡಾಕ್ಟರು.

ತನ್ನ ಬಾಯಿಂದ ಬಂದದ್ದು ಪಾಠದ ಸಾಂ ಕ್ರೆಮ್ ಎಂದು ಅವಳಿಗೆ ಆಗ ಹೊಳೆಯಿತು. ಎದುರಿಗೆ ಯಾರು ಕೂತಿದ್ದರೂ ಅವಳು ಊಟ ಹೇಳುತ್ತಿದ್ದದ್ದು ಒಬ್ಬನಿಗೇ. ತಲೆಯೆತ್ತಿದರೆ ಅವನ ಕಿವಿಗಳೂ ಕೆಂಪಾಗಿದ್ದವು. ಡಾಕ್ಟರು ಅವಳನ್ನು ನೋಡಿದರು, ಅವನನ್ನು ನೋಡಿದರು, ಕರವಸ್ತ್ರ ಮಡಿಚಿಟ್ಟರು.

"ಹಾಗೇ ತನ್ನಿಪ್ಪಾ," ಎಂದರು ಮೆಲ್ಲಗೆ. "ನಮ್ಮ ಕೆಲಸದಲ್ಲಿ, ಬಾಯಿ ತೆರೆಯೋಕೆ ಮುಂಚೇನೇ ನೋವು ಎಲ್ಲಿದೆ ಅಂತ ಗೊತ್ತಾಗುತ್ತೆ."

ಮರುದಿನ ಮಧ್ಯಾಹ್ನ ಅವಳು ಹೋದಾಗ ಅವನು ಬೆನ್ನು ಹಾಕಿ ಗಾಜಿನ ಲೋಟಗಳನ್ನು ಒರೆಸುತ್ತಿದ್ದ.

"ಪಾಠ ಮುಗೀತಲ್ಲ?" ಎಂದ, ತಿರುಗದೆ. "ಡಾಕ್ಟರು ಏನಂದ್ರು?"

"ಬೇರೆಯವರಿಗೆ ಇಟ್ಟ ಊಟಕ್ಕೆ ನಾನು ಕೈ ಹಾಕಲ್ಲಮ್ಮ ಅಂದ್ರು."

ಲೋಟ ಒರೆಸುವ ಕೈ ನಿಂತಿತು. "ನೀವೇನಂದ್ರಿ?"

"ಕ್ಷಮಿಸಿ ಅಂದೆ. ಅವರಂದಿದ್ದು ನಿಜ ಅಂತಾನೂ ಅಂದೆ."

ಅವನು ತಿರುಗಿದ. ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲಿಟ್ಟ.

"ಊಟ ಹೇಳೋಕೆ ಬೇಕಾದ ಫ್ರೆಂಚು ಎರಡೇ ದಿನದ ಪಾಠ ಕಣ್ರೀ," ಎಂದ. "ಉಳಿದದ್ದೆಲ್ಲ ನಾನೇ ಎಳೆದದ್ದು. ಯಾರೂ ಕೇಳದ ಚೀಸ್ ಹೆಸರೆಲ್ಲ ಕಲಿಸಿದೆ. ಇನ್ನೊಬ್ಬರ ಎದುರು ಕೂರೋಕೆ ನಿಮ್ಮನ್ನ ತಯಾರು ಮಾಡ್ತಿದ್ದೀನಿ ಅಂತ ಗೊತ್ತಿದ್ದೂ, ನೀವು ಬರೋ ಹೊತ್ತಿಗೆ ಬಾಗಿಲಲ್ಲೇ ನಿಂತಿರ್ತಿದ್ದೆ. ನನಗೆ ನೀವು ಬೇಕು."

ಸಂತೋಷಕ್ಕೆ ಅವಳ ಕಣ್ಣು ತುಂಬಿಬಂತು. ಅಡಗಿಸಲು ಕೈಯಲ್ಲಿ ಮೆನು ಇರಲಿಲ್ಲ, ಅಡಗಿಸುವ ಮನಸ್ಸೂ ಇರಲಿಲ್ಲ.

"ಹಾಗಾದ್ರೆ ಕೋಟು ಹಾಕ್ಕೊಳ್ಳಿ," ಎಂದಳು. "ಚಿಕ್ಕಮ್ಮ ನಿನ್ನೆಯಿಂದ ನನ್ನ ಹತ್ರ ಮಾತು ಬಿಟ್ಟಿದ್ದಾರೆ. ಈಗ ಅಂದದ್ದನ್ನ ಅವರ ಮುಂದೆ ಹೇಳಿ. ತುಟಿ ಮುಂದೆ ಬರದಿದ್ರೂ ನಡೆಯುತ್ತೆ, ಮಾತು ಮಾತ್ರ ಹಿಂದೆ ಹೋಗಬಾರದು."