ಗುಲೇದ್ ಹಿರ್ಸಿಯ ಟೇಪಿನಲ್ಲಿ ಹನ್ನೊಂದು ಸೆಕೆಂಡು

"ನಂಗೆ ಫಿಶ್ ಬೇಡ, ನಗ್ಗೆಟ್ಸ್!"

ಟೇಪ್ ರೆಕಾರ್ಡರಿನ ಒಳಗಿಂದ ಯಾರೋ ಕಿರುಚಿದರು. ಆ ಯಾರೋ ತಾನೇ ಎಂದು ಗೊತ್ತಾಗಲು ಫಸೀಲಾಗೆ ಒಂದು ಕ್ಷಣ ಬೇಕಾಯಿತು. ಗಾಬರಿಯಿಂದ ಟೇಪನ್ನು ಹಿಂದಕ್ಕೆ ಸುತ್ತಿ ಮತ್ತೆ ಹಾಕಿದಳು.

ಮೊದಲು ಊದ್ ಬಂತು. ಊದ್ ಎಂದರೆ ಡೊಳ್ಳುಹೊಟ್ಟೆಯ, ಗಿಡ್ಡ ಕುತ್ತಿಗೆಯ ತಂತಿವಾದ್ಯ. ಅದು ಮೆಟ್ಟಿಲು ಹತ್ತುವ ಹಾಗೆ ಮೇಲೆ ಮೇಲೆ ಹೋಯಿತು. ಇನ್ನೊಂದೇ ಮೆಟ್ಟಿಲು ಎನ್ನುವಾಗ, ಟಕ್!

"ಫಸೀಲಾ, ಮೀನು ತಣ್ಣಗಾಗ್ತದೆ!" ಇದು ಉಮ್ಮ, ಅಂದರೆ ಅವಳ ಅಮ್ಮ, ದೂರದ ಅಡುಗೆಮನೆಯಿಂದ.

"ಎರಡು ನಿಮಿಷ ಉಮ್ಮಾ!"

"ನಿನ್ನ ಎರಡು ನಿಮಿಷ ನಂಗೆ ಗೊತ್ತುಂಟು. ಬಾ ಮಾರಾಯ್ತಿ!"

"ನಂಗೆ ಫಿಶ್ ಬೇಡ, ನಗ್ಗೆಟ್ಸ್!"

ಮತ್ತೆ ಟಕ್. ಊದ್ ವಾಪಸ್ ಬಂದಾಗ ಹತ್ತುವುದು ಮುಗಿದು, ಆರಾಮಾಗಿ ಕೆಳಗಿಳಿಯುತ್ತಿತ್ತು.

ಫಸೀಲಾ ಗಡಿಯಾರ ಹಿಡಿದು ಅಳೆದಳು. ಹನ್ನೊಂದು ಸೆಕೆಂಡು.

ಇದಕ್ಕೆಲ್ಲ ಕಾರಣ ಒಂದು ಚೀಟಿ. ನಿಖಿತಾ ಮಿಸ್ ಐದನೇ ಕ್ಲಾಸಿನಲ್ಲಿ ಚೀಟಿ ಎತ್ತಿಸಿದ್ದರು. ಯಾವ ದೇಶ ಬಂತೋ ಆ ದೇಶದ ಒಬ್ಬ ಸಂಗೀತಗಾರನ ಬಗ್ಗೆ, ಶುಕ್ರವಾರ ಶನಿವಾರದ ರಜೆ ಮುಗಿದು ಭಾನುವಾರ ಸ್ಕೂಲು ತೆರೆದಾಗ, ಮಾತಾಡಬೇಕು. ದೀಪುಗೆ ಅಮೆರಿಕ ಬಂತು. ಅದನ್ನು ತಾನೇ ಕಂಡುಹಿಡಿದವನ ಹಾಗೆ ಅವನು ಕುಣಿದ. ಇನೆಜ್‌ಗೆ ಬ್ರೆಜಿಲ್ ಬಂತು. ಫಸೀಲಾಗೆ ಬಂದದ್ದು ಸೋಮಾಲಿಯಾ.

"ಪಾಪ," ಎಂದಿದ್ದ ದೀಪು.

ಆದರೆ ಫಸೀಲಾ ಪಾಪ ಆಗಿರಲಿಲ್ಲ. ಗಲ್ಫಿನ ಹವಲ್ಲಿ ಪೇಟೆಯಲ್ಲಿ ಅವರ ಬಿಲ್ಡಿಂಗಿನ ಕೆಳಗೇ ಮಮ್ಮು ಕಾಕನ ಫೋನ್ ರಿಪೇರಿ ಅಂಗಡಿ. ಅಲ್ಲಿ ರಿಪೇರಿ ಮಾಡುವವರು ಸೋಮಾಲಿಯಾದ ವರ್ಸಮೆ. ಉಳ್ಳಾಲದ ಮಮ್ಮು ಕಾಕನ ಪಕ್ಕ ಇಪ್ಪತ್ತೆರಡು ವರ್ಷ ಕೂತು ಅವರು ಬ್ಯಾರಿಯನ್ನೂ ಕನ್ನಡವನ್ನೂ ಕಲಿತಿದ್ದರು. ಬಿಲ್ಡಿಂಗಿನ ಮಕ್ಕಳು ಇಂಗ್ಲಿಷಿನಲ್ಲಿ ಉತ್ತರಿಸಿದರೆ, "ಎಂತ ಮಾರಾಯ್ತಿ, ಕನ್ನಡ ಬರುದಿಲ್ವಾ?" ಎಂದು ಗದರಿಸುವವರೂ ಅವರೇ. ಮಕ್ಕಳಿಗೆಲ್ಲ ಅವರು ವರ್ಸಮೆ ಕಾಕ.

ಅವರ ಚಿಕ್ಕಪ್ಪನೇ ಗುಲೇದ್ ಹಿರ್ಸಿ.

"ನಮ್ಮ ಊರಲ್ಲಿ ಮದುವೆಗೆ ಮದುಮಗ ಇಲ್ಲದಿದ್ರೂ ನಡೀತಿತ್ತು. ಗುಲೇದ್ ಇಲ್ಲದಿದ್ರೆ ಇಲ್ಲ!" ಎಂದು ವರ್ಸಮೆ ಕಾಕ ಗುರುವಾರ ಹೇಳಿದ್ದರು. ಫಸೀಲಾ ಎಲ್ಲವನ್ನೂ ಬರೆದುಕೊಂಡಿದ್ದಳು. ಹುಟ್ಟಿದ್ದು: ಒಂಟೆಗಳು ಎರಡೆರಡು ಮರಿ ಹಾಕಿದ ವರ್ಷ. ಮೊದಲ ಊದ್: ಎಣ್ಣೆ ಡಬ್ಬಿಗೆ ಮೀನಿನ ಗಾಳದ ದಾರ ಕಟ್ಟಿ ತಾನೇ ಮಾಡಿದ್ದು. ಸಿಟ್ಟು ಬಂದ ಅಪ್ಪ ಅದನ್ನು ಸಮುದ್ರಕ್ಕೆ ಎಸೆದರು. ಡಬ್ಬಿ ತಾನೇ, ತೇಲಿಕೊಂಡು ವಾಪಸ್ ಬಂತು. ಮೂರನೇ ಸಲವೂ ಬಂದ ಮೇಲೆ ಅಪ್ಪ ಸೋತರು. ದೋಣಿಯವರಿಗೆ, ಲಾರಿಯವರಿಗೆ, ಕಲಿಯಲು ಬಂದ ಯಾರಿಗಾದರೂ ಗುಲೇದ್ ಬಾರಿಸಿ ತೋರಿಸುತ್ತಿದ್ದರು.

"ಗೂಗಲ್‌ನಲ್ಲಿ ಈ ಹೆಸರೇ ಇಲ್ಲ. ಇಲ್ದೇ ಇರೋರು ಫೇಮಸ್ ಹೆಂಗೆ?" ಎಂದು ದೀಪು ಮೆಸೇಜ್ ಕಳಿಸಿದ್ದ.

ಅದಕ್ಕೇ ಟೇಪ್ ಬೇಕಾಗಿತ್ತು. ರೇಡಿಯೋದವರ ಬಳಿ ಇದ್ದದ್ದೆಲ್ಲ ಯುದ್ಧದಲ್ಲಿ ಹಾಳಾಗಿ, ಗುಲೇದ್ ಬಾರಿಸಿದ್ದು ಉಳಿದಿರುವುದು ಈ ಒಂದೇ ಕ್ಯಾಸೆಟ್ಟಿನಲ್ಲಿ. ವರ್ಸಮೆ ಕಾಕ ಅದನ್ನೂ ಟೇಪ್ ರೆಕಾರ್ಡರನ್ನೂ ಟವೆಲಿನಲ್ಲಿ ಸುತ್ತಿ ಕೊಟ್ಟಿದ್ದರು. "ಇದು ಪ್ಲೇ, ಇದು ಸ್ಟಾಪ್. ಇವೆರಡು ಸಾಕು. ಖಲಾಸ್," ಎಂದೂ ಹೇಳಿದ್ದರು.

ಶುಕ್ರವಾರ ಮಧ್ಯಾಹ್ನ ಊಟಕ್ಕೆ ಉಮ್ಮ ಕರೆಯುವ ಹೊತ್ತಿಗೆ ಫಸೀಲಾ ಸ್ಟಾಪ್ ಒತ್ತಿಯೂ ಆಗಿತ್ತು. ಆದರೆ ಪೂರ್ತಿ ಆಫ್ ಆಗಲಿ ಎಂದು ಪಕ್ಕದ ಕೆಂಪು ಬಟನ್ನನ್ನೂ ಒತ್ತಿದಳು. ಫೋನಿನಲ್ಲಿ ಕೆಂಪು ಎಂದರೆ ಕಟ್. ಟೇಪ್ ರೆಕಾರ್ಡರಿನಲ್ಲಿ ಕೆಂಪು ಎಂದರೆ ರೆಕಾರ್ಡ್, ಹಳೆಯದನ್ನು ಅಳಿಸಿ ಹೊಸ ಸದ್ದು ಕೂರುತ್ತದೆ ಎಂದು ಹತ್ತು ವರ್ಷದವಳಿಗೆ ಯಾರೂ ಹೇಳಿರಲಿಲ್ಲ. ಚಕ್ರಗಳು ಸದ್ದಿಲ್ಲದೆ ತಿರುಗುತ್ತಿರುವುದು ಕಂಡು ಮತ್ತೆ ಸ್ಟಾಪ್ ಒತ್ತಿ ಊಟಕ್ಕೆ ಓಡಿದ್ದಳು.

ಈಗ ಅವಳು ಇನೆಜ್‌ಗೆ ಫೋನ್ ಮಾಡಿದಳು.

"ಅನ್‌ಡೂ ಮಾಡು," ಎಂದಳು ಇನೆಜ್.

"ಅದ್ರಲ್ಲಿ ಅನ್‌ಡೂ ಇಲ್ಲ."

"ಬ್ಯಾಕಪ್?"

"ಇಲ್ಲ."

"ಶೀ, ಎಂಥ ಮೆಷಿನ್ ಅದು!" ಇನೆಜ್ ಸ್ವಲ್ಪ ಯೋಚಿಸಿದಳು. "ಹೇಳ್ಲೇಬೇಡ. ಅವರಿಗೆ ವಯಸ್ಸಾಗಿದೆ ಅಲ್ವಾ, ಮೊದಲಿಂದ್ಲೂ ಹೀಗೇ ಇತ್ತು ಅಂದ್ಕೊಳ್ತಾರೆ."

"ಮೊದಲಿಂದ್ಲೂ ನಗ್ಗೆಟ್ಸ್ ಇತ್ತು ಅಂತಲಾ?"

ಇನೆಜ್ ನಕ್ಕಳು. ಫಸೀಲಾಗೆ ನಗು ಬರಲಿಲ್ಲ. ಆ ದಿನ ಅವಳು ಟೇಪನ್ನು ಮತ್ತೆ ಮತ್ತೆ ಹಾಕಿದಳು. ಪ್ರತಿ ಸಲವೂ ಆ ಕೊನೆಯ ಮೆಟ್ಟಿಲು ಬರಬಹುದೇನೋ ಎಂದು ಕಾದಳು. ಪ್ರತಿ ಸಲವೂ ಮೀನೇ ಬಂತು.

ಶನಿವಾರ ಸಂಜೆ ಟವೆಲಿನ ಗಂಟು ಹಿಡಿದು ಕೆಳಗಿಳಿದಳು. ವರ್ಸಮೆ ಕಾಕ ಯಾರದ್ದೋ ಫೋನಿನ ಹೊಟ್ಟೆ ಬಿಚ್ಚಿ ಕೂತಿದ್ದರು.

"ಎಂತ, ಮುಖ ಚಾರ್ಜ್ ಖಾಲಿಯಾದ ಹಾಗೆ ಉಂಟಲ್ಲ?"

ಲಿಫ್ಟಿನಲ್ಲಿ ಬಾಯಿಪಾಠ ಮಾಡಿದ್ದ ವಾಕ್ಯಗಳೆಲ್ಲ ಅವಳಿಗೆ ಮರೆತುಹೋದವು. ನೇರ ಪ್ಲೇ ಒತ್ತಿದಳು.

ಊದ್ ಹತ್ತಿತು. ಟಕ್. ಮೀನು, ಎರಡು ನಿಮಿಷ, ಮಾರಾಯ್ತಿ, ನಗ್ಗೆಟ್ಸ್. ಟಕ್. ಊದ್ ಇಳಿಯಿತು.

ವರ್ಸಮೆ ಕಾಕ ಸ್ಕ್ರೂಡ್ರೈವರ್ ಕೆಳಗಿಟ್ಟರು. ಟೇಪನ್ನು ಹಿಂದಕ್ಕೆ ಸುತ್ತಿ ಅದೇ ಜಾಗವನ್ನು ಇನ್ನೊಮ್ಮೆ ಕೇಳಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎನಿಸಿತು ಫಸೀಲಾಗೆ.

"ಅಲ್ಲೇ," ಎಂದರು ಕೊನೆಗೆ. "ಅಲ್ಲೇ ಚಿಕ್ಕಪ್ಪ ಅತ್ಯಂತ ಮೇಲೆ ಹೋಗ್ತಿದ್ದದ್ದು."

"ಸಾರಿ ಕಾಕ." ಫಸೀಲಾ ಟವೆಲಿನ ತುದಿ ತಿರುಚಿದಳು. "ಕೆಂಪು ಅಂದ್ರೆ ಆಫ್ ಅಂದ್ಕೊಂಡೆ."

ವರ್ಸಮೆ ಕಾಕ ಸ್ಟೂಲನ್ನು ಕಾಲಿನಿಂದ ಅವಳ ಕಡೆ ತಳ್ಳಿದರು. "ಕೂತ್ಕೋ. ಇನ್ನೂ ಸ್ವಲ್ಪ ಕೇಳು."

ಊದ್ ಇಳಿಯುತ್ತಾ ಹೋಯಿತು. ಗ್ಲಾಸಿನಲ್ಲಿ ಚಮಚ ತಿರುವುವ ಸದ್ದು. "ಇದು ನನ್ನ ಅಣ್ಣ. ಚಹಾಕ್ಕೆ ಐದು ಚಮಚ ಸಕ್ಕರೆ. ಹಲ್ಲು ಒಂದೂ ಉಳೀಲಿಲ್ಲ." ಒಂದು ಆಡು ಅರಚಿತು. "ಇದು ಯಾರು ಗೊತ್ತಿಲ್ಲ," ಎಂದರು ಗಂಭೀರವಾಗಿ. ಫಸೀಲಾ ಕಣ್ಣೊರೆಸಿಕೊಂಡೇ ನಕ್ಕುಬಿಟ್ಟಳು.

"ಶ್. ಈಗ."

ಹಾಡು ತೀರಾ ಮೆಲ್ಲಗಾದ ಜಾಗದಲ್ಲಿ ಯಾರೋ ಕೆಮ್ಮಿದರು. ಎರಡು ಸಲ, ಒಣ ಕೆಮ್ಮು.

"ನನ್ನ ಅಮ್ಮ," ಎಂದರು ವರ್ಸಮೆ ಕಾಕ. "ಅಂದು ಎಷ್ಟು ಬೈದ್ರು ಅವಳಿಗೆ! ಇಡೀ ಊರು ಉಸಿರು ಬಿಗಿಹಿಡಿದು ಕೂತಿತ್ತು, ನೀನೊಬ್ಬಳು ಕೆಮ್ಮಿ ಟೇಪ್ ಹಾಳು ಮಾಡಿದೆ ಅಂತ. ನಾನೂ ಬೈದೆ. ಒಂದು ವಾರ ಮಾತು ಬಿಟ್ಟಿದ್ದೆ." ಟೇಪನ್ನು ನಿಲ್ಲಿಸಿದರು. "ಅವಳ ಫೋಟೋ ಒಂದೂ ಇಲ್ಲ ನನ್ನ ಹತ್ರ. ಈಗ ನಾನು ಈ ಟೇಪ್ ಹಾಕುದು ಚಿಕ್ಕಪ್ಪನ ಊದ್‌ಗೆ ಅಂತ ಎಲ್ಲರಿಗೂ ಹೇಳ್ತೇನೆ. ಸುಳ್ಳು. ನಾನು ಕೆಮ್ಮಿಗೆ ಕಾಯ್ತಾ ಇರ್ತೇನೆ."

ಫಸೀಲಾ ಕ್ಯಾಸೆಟ್ಟನ್ನೇ ನೋಡಿದಳು.

"ಮತ್ತೆ ಆ ಹನ್ನೊಂದು ಸೆಕೆಂಡು?"

ವರ್ಸಮೆ ಕಾಕ ಗಾಜಿನ ಕೌಂಟರಿನ ಮೇಲೆ ಬೆರಳುಗಳಿಂದ ತಾಳ ಹಾಕುತ್ತಾ ಗುನುಗಿದರು. ಮೆಟ್ಟಿಲು ಹತ್ತಿತು, ಹತ್ತಿತು, ಕೊನೆಯದನ್ನು ಮುಟ್ಟಿತು. ಅಲ್ಲಿ ಸ್ವಲ್ಪ ನಿಂತು, ಸುತ್ತ ನೋಡಿ, ಇಳಿಯತೊಡಗಿತು. ಫೋನ್ ಕೇಳಲು ಬಂದಿದ್ದ ಗಿರಾಕಿಯೂ ಬಾಗಿಲಲ್ಲೇ ನಿಂತುಬಿಟ್ಟ.

"ಸ್ವರ ನಂದು ಕತ್ತೆಯದ್ದು," ಎಂದರು. "ದಾರಿ ಮಾತ್ರ ಗುಲೇದ್‌ದೇ. ಈಗ ನೀನು ಹೇಳು."

ಅವಳೂ ಗುನುಗಿದಳು. ಆರನೇ ಸಲಕ್ಕೆ ಸರಿಯಾಯಿತು.

ಆಮೇಲೆ ಅವರು ಟೇಪನ್ನು ತಮ್ಮ ಫೋನಿಗೆ ಕಾಪಿ ಮಾಡಿಕೊಂಡರು. "ಊರವರ ಫೋನೆಲ್ಲ ಬ್ಯಾಕಪ್ ಮಾಡುವವ ನಾನು. ಇದನ್ನು ನಾಳೆ, ನಾಳೆ ಅಂತ ಹತ್ತು ವರ್ಷ ಮಾಡಿದೆ." ಕ್ಯಾಸೆಟ್ಟಿನ ಬೆನ್ನಿನ ಮೂಲೆಯಲ್ಲಿದ್ದ ಸಣ್ಣ ಪ್ಲಾಸ್ಟಿಕ್ ಹಲ್ಲನ್ನು ಸ್ಕ್ರೂಡ್ರೈವರಿನಿಂದ ಚಟ್ಟನೆ ಮುರಿದರು. "ಖಲಾಸ್. ಇನ್ನು ಕೆಂಪು ಬಟನ್ ಒತ್ತಿದ್ರೂ ಎಂತದೂ ಆಗುದಿಲ್ಲ. ಇದರಲ್ಲಿ ಇದ್ದದ್ದು ಇದ್ದ ಹಾಗೇ ಇರ್ತದೆ."

"ನಗ್ಗೆಟ್ಸ್ ಕೂಡ?"

"ನಗ್ಗೆಟ್ಸ್ ಕೂಡ. ಯಲ್ಲಾ, ನಡಿ, ಮನೆಗೆ ಹೋಗು."

ಭಾನುವಾರ ಕ್ಲಾಸಿನಲ್ಲಿ ದೀಪು ಮೊದಲೇ ಕೈ ಎತ್ತಿ, "ಮಿಸ್, ಊದ್ ಅಂದ್ರೆ ಸೆಂಟ್ ಅಲ್ವಾ? ಮಾಲ್‌ನಲ್ಲಿ ಮಾರ್ತಾರೆ," ಎಂದ. ಫಸೀಲಾ ಉತ್ತರ ಕೊಡದೆ ಪ್ಲೇ ಒತ್ತಿದಳು. ಉಮ್ಮನ ಮೀನು ಬಂದಾಗ ಇಡೀ ಕ್ಲಾಸು ಬೆಂಚು ಬಡಿದು ನಕ್ಕಿತು. ನಿಖಿತಾ ಮಿಸ್ ಕೂಡ ರಿಜಿಸ್ಟರಿನ ಹಿಂದೆ ಮುಖ ಮುಚ್ಚಿಕೊಂಡರು. ಆ ಗದ್ದಲದಲ್ಲಿ ಫಸೀಲಾ ತನ್ನಷ್ಟಕ್ಕೆ ಗುನುಗುತ್ತಿದ್ದದ್ದು ಮುಂದಿನ ಬೆಂಚಿನ ಇನೆಜ್‌ಗೆ ಮಾತ್ರ ಕೇಳಿಸಿತು. ಊದ್ ವಾಪಸ್ ಬಂದಾಗ ಅವಳು ಸರಿಯಾಗಿ ಅದೇ ಮೆಟ್ಟಿಲಲ್ಲಿದ್ದಳು.

ಸ್ವಲ್ಪ ಹೊತ್ತಿಗೆ ಬೆರಳೆತ್ತಿ, "ಶ್. ಈಗ ಕೇಳಿ," ಎಂದಳು.

ಎಲ್ಲರೂ ಮುಂದೆ ಬಾಗಿದರು. ಎರಡು ಸಲ ಕೆಮ್ಮು.

"ಯಾರೇ ಅದು?" ಎಂದ ದೀಪು.

"ವರ್ಸಮೆ ಕಾಕನ ಉಮ್ಮ," ಎಂದಳು ಫಸೀಲಾ, ಮನೆಗೆ ಬಂದ ನೆಂಟರನ್ನು ಪರಿಚಯಿಸುವ ಹಾಗೆ.

ಆ ದಿನ ಸ್ಕೂಲ್ ಬಸ್ ಇಳಿದು ಬಂದು ಅವಳು ಇನ್ನೂ ಸಾಕ್ಸ್ ಬಿಚ್ಚುತ್ತಿದ್ದಳು.

"ಫಸೀಲಾ, ಮೀನು ತಣ್ಣಗಾಗ್ತದೆ!"

ಅವಳು ಎರಡು ನಿಮಿಷ ಎನ್ನಲಿಲ್ಲ. ಒಂದು ಸಾಕ್ಸ್ ಕೈಯಲ್ಲಿ ಹಿಡಿದು ಆ ದನಿಗೆ ಕಿವಿಗೊಟ್ಟು ಕೂತಿದ್ದಳು.

ಸೌಟು ಹಿಡಿದುಕೊಂಡೇ ಉಮ್ಮ ಬಾಗಿಲಿಗೆ ಬಂದರು. "ಎಂತ, ಕರೆದದ್ದು ಕೇಳ್ಲಿಲ್ವಾ?"

"ಕೇಳಿತು," ಎಂದಳು ಫಸೀಲಾ. "ಇನ್ನೊಮ್ಮೆ ಹೇಳು."

ಉಮ್ಮ ಹತ್ತಿರ ಬಂದು ಅವಳ ಹಣೆ ಮುಟ್ಟಿ ನೋಡಿದರು. ಜ್ವರ ಇರಲಿಲ್ಲ.