ಸುಣ್ಣ ತೊಳೆದ ಗಡಿಗೆ

"ರೀ! ಆ ಕೊಳಕು ಗಡಿಗೇನ ನನ್ನ ಒಲೆ ಹತ್ರ ತರಬ್ಯಾಡ್ರಿ!"

ಹೊನ್ನೂರಮ್ಮ ಅವನಿಗೆ ಆಡಿದ ಮೊದಲ ಮಾತು ಇದು.

ಹಿತ್ತಲ ಬಾಗಿಲಲ್ಲಿ ನಿಂತಿದ್ದವನ ಹೆಗಲ ಮೇಲೆ ಹಗ್ಗ, ಸೊಂಟದಲ್ಲಿ ಬಾಗಿದ ಕತ್ತಿ, ಕೈಯಲ್ಲಿ ಮೂರು ಗಡಿಗೆ. ಗಡಿಗೆಗಳ ಒಳಮೈಗೆ ಬೆಳ್ಳಗೆ ಏನೋ ಮೆತ್ತಿಕೊಂಡಿತ್ತು.

"ಕೊಳಕಲ್ಲ," ಅಂದ.

ಮುಂದೇನಾದರೂ ಹೇಳುತ್ತಾನೆಂದು ಅವಳು ಕಾದಳು. ಹೇಳಲಿಲ್ಲ. ಗಡಿಗೆಗಳನ್ನು ಹಿತ್ತಲ ಗೋಡೆಯ ಮೇಲೆ ಬಿಸಿಲಿಗಿಟ್ಟು ಹೊರಟೇ ಹೋದ.

'ಮಾತಿಗೇನು ಬರಗಾಲವೇ ಇವನಿಗೆ!'

ಅದು 1938ರ ಮಾಗಿ. ಕೆರೆಬಿಳಚಿಯಿಂದ ಸ್ವಲ್ಪ ದೂರದಲ್ಲಿ, ಕೆರೆಯ ಏರಿಗೆ ಮುಖ ಮಾಡಿ ನಿಂತಿದ್ದ ಮುಸಾಫಿರ್ ಬಂಗಲೆಯಲ್ಲಿ ಹೊನ್ನೂರಮ್ಮನ ತಂದೆ ಹಾಲೇಶಪ್ಪ ಅಡುಗೆಯವನು. ಮೋಟಾರಿನಲ್ಲಿ ಬರುವ ದೊಡ್ಡವರು ಎರಡು ದಿನ ಕೆರೆಯ ಗಾಳಿ ಕುಡಿದು, ಅವನ ಕೈಯ ಊಟ ಹೊಗಳಿ ಹೋಗುತ್ತಿದ್ದರು. ಇನ್ನೆರಡು ವಾರಕ್ಕೆ ಬರಲಿದ್ದವರು ಬೆಂಗಳೂರು ಕಡೆಯ ದ್ರಾಕ್ಷಿ ತೋಟದ ಸಾಹುಕಾರರು. ದ್ರಾಕ್ಷಾರಸ ಇಳಿಸಿ ಸೀಸೆಗಟ್ಟಲೆ ಮಾರುವವರು. ಕೆರೆಯ ಕೆಳಗೆ ಬಳ್ಳಿ ಹಬ್ಬಿಸಲು ನೆಲ ನೋಡಬೇಕೆಂದು ತಾಯಿಯನ್ನೂ ಕರೆದುಕೊಂಡು ಹೊರಟಿದ್ದರು.

ಮಗ ಲೋಕಕ್ಕೆಲ್ಲ ದ್ರಾಕ್ಷಾರಸ ಕುಡಿಸಿದರೂ ತಾಯಿ ಒಂದು ಹನಿ ಮುಟ್ಟಿದವರಲ್ಲ. ಅಮಲಿನದು ಯಾವುದನ್ನೂ ಮುಟ್ಟುವುದಿಲ್ಲವೆಂದು ಸಾಯುತ್ತಿದ್ದ ಗಂಡನಿಗೆ ಕೊಟ್ಟ ಮಾತು. ಆದರೆ ಈಚಲು ಮರದ ಸಿಹಿ ನೀರಾ ಕುಡಿಯುವ ಆಸೆ ಆಕೆಗೆ. ಈ ಕಡೆ ಮರಕ್ಕೆ ಕಟ್ಟುತ್ತಿದ್ದುದೆಲ್ಲ ಹೆಂಡದ ಗಡಿಗೆ. ಹಾಗಾಗಿ ಹಾಲೇಶಪ್ಪ ಜಗಳೂರಿನ ಹಳ್ಳದ ಈಚಲುಗಳಲ್ಲಿ ಬೆಳೆದ ಉಚ್ಚಂಗೆಪ್ಪನನ್ನು ಕರೆಸಿ, ಬಂಗಲೆಯ ಹಿಂದಿನ ಮರಗಳನ್ನು ವಹಿಸಿದ್ದ.

ಹತ್ತು ದಿನ ಕಳೆಯಿತು. ದಿನವೂ ಬೆಳಗ್ಗೆ ಒಂದು ಚೊಂಬು ಸಿಹಿ ನೀರಾ ಹಿತ್ತಲ ಕಟ್ಟೆಯ ಮೇಲೆ ಇರುತ್ತಿತ್ತು. ಅದು ತನಗೆಂದು ಯಾರೂ ಹೇಳಲಿಲ್ಲ... ಅವಳಿಗೆ ಗೊತ್ತಿತ್ತು. ಅವಳೂ ಎರಡು ರೊಟ್ಟಿ, ಒಂದಿಷ್ಟು ಶೇಂಗಾ ಚಟ್ನಿ ಅಲ್ಲೇ ಮುಚ್ಚಿಡತೊಡಗಿದಳು.

"ಚಟ್ನಿ ಹೆಂಗೈತೆ?" ಒಮ್ಮೆ ತಡೆಯದೆ ಕೇಳಿಯೇಬಿಟ್ಟಳು.

"ಖಾರ."

"ಹಂಗಾದ್ರೆ ನಾಳೆಯಿಂದ ಇಡಲ್ಲ ಬಿಡ್ರಿ."

"ಖಾರ ಅಂದೆ. ಬ್ಯಾಡ ಅಂದ್ನಾ?"

ಅವನು ನಗಲಿಲ್ಲ. ಕಣ್ಣು ನಕ್ಕಿತು. ಅಂದು ಅವಳು ಸಾರಿಗೆ ಎರಡು ಸಲ ಉಪ್ಪು ಹಾಕಿದಳು.

ಸಾಹುಕಾರರು ಬಂದಿಳಿದ ದಿನ ಅವಳಿಗೆ ಕಾಲು ನೆಲದ ಮೇಲಿರಲಿಲ್ಲ. ಮಧ್ಯಾಹ್ನ ಪಾತ್ರೆ ತೊಳೆಯುವಾಗ ಗೋಡೆಯ ಮೇಲಿನ ಮೂರು ಗಡಿಗೆ ಕಂಡವು. ಉಚ್ಚಂಗೆಪ್ಪ ರಸ ಇಳಿಯುವಂತೆ ಮರದ ನೆತ್ತಿ ಕೆತ್ತಲು ಹೋಗಿದ್ದ. ದೊಡ್ಡವರಿಗೆ ಕೊಡುವ ಗಡಿಗೆ ಹೀಗಿದ್ದರೆ ಅವನನ್ನು ಏನಂದಾರು? ಹುಣಸೆಹಣ್ಣು, ಬೂದಿ ಹಾಕಿ ಬೆರಳು ನೋಯುವಷ್ಟು ಉಜ್ಜಿದಳು. ಒಳಗಿನ ಬಿಳಿಯೆಲ್ಲ ಹೋಗಿ ಕೆಂಪು ಮಣ್ಣು ಹೊಳೆಯಿತು. ಮೊದಲಿನಂತೆ ಗೋಡೆಯ ಮೇಲೆ ಬೋರಲು ಹಾಕಿದಳು.

'ನೋಡಿದರೆ ಗೊತ್ತಾಗುತ್ತದೆ... ಯಾರ ಕೈಯ ಕೆಲಸ ಅಂತ!'

ಕತ್ತಲಾಗುವ ಹೊತ್ತಿಗೆ ಬಂದ ಉಚ್ಚಂಗೆಪ್ಪ ಅವಸರದಲ್ಲಿ ಗಡಿಗೆ ಎತ್ತಿಕೊಂಡು ಮರ ಹತ್ತಿದ. ಬೋರಲಿದ್ದ ಗಡಿಗೆಯ ಒಳಗನ್ನು ನೋಡಲಿಲ್ಲ.

ನಸುಕಿನ ಚಳಿಯಲ್ಲಿ ಇಳಿಸಿದ ನೀರಾ ಸಿಹಿಯಾಗಿಯೇ ಇತ್ತು. ಆದರೆ ಅತಿಥಿಗಳು ದೋಣಿ ಹತ್ತಿ ಕೆರೆ ನೋಡಲು ಹೋದರು. ಮರಳಿದಾಗ ಬಿಸಿಲೇರಿತ್ತು. ದಣಿದಿದ್ದ ಮುದುಕಿ ಒಂದಾದ ಮೇಲೊಂದು ಎರಡು ಲೋಟ ಕುಡಿದರು.

ಸ್ವಲ್ಪ ಹೊತ್ತಿಗೆ ಜಗಲಿಯಿಂದ ಮುದುಕಿಯ ಜೋರು ನಗು ಕೇಳಿಸಿತು.

"ಲೇ, ಈ ದೊಡ್ಡ ಸಾಹುಕಾರ ಏಳು ವರ್ಷದವರೆಗೂ ಹಾಸಿಗೆ ಒದ್ದೆ ಮಾಡ್ತಿದ್ದ, ಗೊತ್ತೇನ್ರೋ!"

ಸಾಹುಕಾರರು ಲೋಟ ಮೂಸಿ ನೋಡಿದರು. ಮುಖ ಕಪ್ಪಿಟ್ಟಿತು. ಕುಡಿದದ್ದು ಹೆಂಡವಾಗಿತ್ತೆಂದು ತಿಳಿದ ಮೇಲೆ ಮುದುಕಿಯ ನಗು ನಿಂತುಹೋಯಿತು.

"ನನ್ನ ಮಾತು ಕೆಟ್ಟುಹೋಯ್ತಲ್ಲೋ..." ಎಂದಷ್ಟೇ ಅಂದರು. ಗೋಡೆಯ ಕಡೆ ತಿರುಗಿ ಕೂತರು.

"ಇದನ್ನ ಕೊಟ್ಟವರು ಯಾರು?" ಸಾಹುಕಾರರು ಗುಡುಗಿದರು. "ಅಡುಗೆಯವನೋ, ಮರದವನೋ? ತಪ್ಪು ಮಾಡಿದವನು ಇವತ್ತೇ ಇಲ್ಲಿಂದ ಹೋಗಬೇಕು!"

ಹಾಲೇಶಪ್ಪ ಹೆಗಲ ಮೇಲಿನ ವಸ್ತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡ. ಇಪ್ಪತ್ತು ವರ್ಷದ ಕೆಲಸ.

ಉಚ್ಚಂಗೆಪ್ಪ ಖಾಲಿ ಗಡಿಗೆಯೊಳಗೆ ಬೆರಳು ಆಡಿಸಿದ. ಬೆರಳನ್ನು ನೋಡಿಕೊಂಡ. ತಲೆಯೆತ್ತಿ ಹೊನ್ನೂರಮ್ಮನನ್ನು ಒಂದು ಸಲ ನೋಡಿ, ಕಣ್ಣು ತಗ್ಗಿಸಿದ.

"ತಪ್ಪು ನಂದೇ, ಸ್ವಾಮಿ."

ಹೊನ್ನೂರಮ್ಮ ಅವನ ಹಿಂದೆಯೇ ಹಿತ್ತಲಿಗೆ ಓಡಿದಳು.

"ನಮ್ಮಪ್ಪಯ್ಯನ ಅನ್ನಕ್ಕೇ ಕಲ್ಲು ಹಾಕಾಕೆ ಬಂದಿದ್ರಾ? ಸಿಹಿ ಅಂತ ಹೇಳಿ ಹೆಂಡ ಕೊಟ್ರಲ್ಲ! ಏನಾರ ಹೇಳ್ರಿ!"

ಅವನು ಹಗ್ಗ ಸುತ್ತುತ್ತಿದ್ದ. ತುಟಿ ಒಮ್ಮೆ ಅಲುಗಿತು.

"ಚಟ್ನಿ ಚಲೋ ಇರ್ತಿತ್ತು," ಅಂದ.

"ಇನ್ನು ಈ ಬಾಗಿಲಿಗೆ ಬರಬ್ಯಾಡ್ರಿ!"

ಬರಲಿಲ್ಲ.

ಮರುದಿನ ಬೆಳಗ್ಗೆ ಅಭ್ಯಾಸಬಲದಿಂದ ಎರಡು ರೊಟ್ಟಿ ಹೆಚ್ಚಿಗೆ ತಟ್ಟಿದಳು. ತಾನೇ ತಿಂದಳು. ರುಚಿ ಹತ್ತಲಿಲ್ಲ... ಸಿಟ್ಟಿಗೆ ಎಂದುಕೊಂಡಳು.

ಎರಡು ತಿಂಗಳಾದ ಮೇಲೆ ಸುಣ್ಣ ಮಾರುವ ಕರಿಯಕ್ಕ ಬುಟ್ಟಿ ಇಳಿಸಿ ಕಟ್ಟೆಯ ಮೇಲೆ ಕೂತಳು.

"ಎಲ್ಲವ್ವಾ ನಿಮ್ಮ ಜಗಳೂರಿನ ಮೂಗ? ಮೂರು ದಿನಕ್ಕೊಮ್ಮೆ ನನ್ನ ಹತ್ರ ಸುಣ್ಣ ತಗೊಂತಿದ್ದ."

"ಸುಣ್ಣ ಯಾಕೆ? ಎಲೆಅಡಿಕೆ ಹಾಕ್ತಿರಲಿಲ್ಲ."

"ಅಯ್ಯೋ ಹುಡುಗಿ! ಗಡಿಗೆ ಒಳಗೆ ಬಳಿಯಾಕೆ. ಸುಣ್ಣ ಇದ್ರೆ ನೀರಾ ಸಿಹಿ ಇರ್ತೈತೆ. ಇಲ್ಲಾಂದ್ರೆ ಬಿಸಿಲೇರೋದ್ರೊಳಗೆ ಹೆಂಡ! ಅಡುಗೆಮನೇಲಿದ್ದು ಅಷ್ಟೂ ಗೊತ್ತಿಲ್ವಾ?"

ಹೊನ್ನೂರಮ್ಮನ ಕೈಯಿಂದ ಸೌಟು ಜಾರಿತು.

ಹುಣಸೆಹಣ್ಣು... ಬೂದಿ... ಹೊಳೆಯುತ್ತಿದ್ದ ಕೆಂಪು ಮಣ್ಣು. ಅವನು ಬೆರಳು ನೋಡಿಕೊಂಡ ರೀತಿ. ಆಮೇಲೆ ತನ್ನನ್ನು ನೋಡಿದ ರೀತಿ.

'ಅವತ್ತು ಕಣ್ಣು ತಗ್ಗಿಸಿದ್ದು ತಪ್ಪು ಮಾಡಿದ ನಾಚಿಕೆಗಲ್ಲ... ದೇವರೇ!'

ಅಂದು ತಂದೆ ಊಟಕ್ಕೆ ಕೂತಾಗ ಎಲ್ಲವನ್ನೂ ಹೇಳಿದಳು. ಹಾಲೇಶಪ್ಪನ ತುತ್ತು ಕೈಯಲ್ಲೇ ಉಳಿಯಿತು.

"ಸಾಹುಕಾರ್ರಿಗೆ ತಿಳಿಸಿದ್ರೆ ನನ್ನ ಕೆಲಸ ಹೋಗಬೌದು, ಮಗಳೆ."

"ಗೊತ್ತು ಅಪ್ಪಯ್ಯ. ಆದ್ರೆ ಅವರು ನಮಗೋಸ್ಕರ ತಪ್ಪು ಹೊತ್ಕಂಡು ಹೋದ್ರು."

ಹಾಲೇಶಪ್ಪ ತಾಟು ಸರಿಸಿದ. ಎದ್ದು ಕೈ ತೊಳೆದು, ಗೂಡಿನಿಂದ ಕಾರ್ಡು ತೆಗೆದು ಬರೆಯಲು ಕೂತ.

ಹದಿನೈದು ದಿನಕ್ಕೆ ಉತ್ತರ ಬಂತು. ಮುದುಕಿಯೇ ಹೇಳಿ ಬರೆಸಿದ್ದು. 'ತಿಳಿಯದೆ ಆದದ್ದು. ಯಾರಿಗೆ ಮಾತು ಕೊಟ್ಟಿದ್ದೆನೋ ಅವರ ಕ್ಷಮೆ ನಾನು ಕೇಳಿಕೊಂಡಿದ್ದೇನೆ. ನಿನ್ನ ಕೆಲಸಕ್ಕೆ ಏನೂ ಆಗುವುದಿಲ್ಲ. ಬರುವ ಮಾಗಿಗೆ ಬರುತ್ತೇವೆ, ಆ ಹುಡುಗನನ್ನು ಕರೆಸಿರು. ನಿನ್ನ ಮಗಳು ಮಾತ್ರ ಗಡಿಗೆಯ ಹತ್ತಿರ ಸುಳಿಯದಿರಲಿ.'

ತಂದೆ ಮಗಳು ಮೊದಲ ಬಸ್ಸಿಗೆ ಹೊರಟು, ದಾವಣಗೆರೆಯಲ್ಲಿ ಇಳಿದು ಹತ್ತಿ, ಜಗಳೂರು ತಲುಪಿದಾಗ ಮಧ್ಯಾಹ್ನ ದಾಟಿತ್ತು. ಬಯಲು. ಕುರಿಮಂದೆಯ ಧೂಳು. ದೂರದ ಹಳ್ಳದಲ್ಲಿ ಒಂದು ಸಾಲು ಈಚಲು. ಹಾಲೇಶಪ್ಪ ಬೇವಿನ ನೆರಳಲ್ಲಿ ಕೂತು, "ನನಗೆ ಕಾಲು ನೋವು, ನೀನೇ ಹೋಗಿ ಬಾ," ಅಂದ. ಅವನಿಗೆ ಯಾವತ್ತೂ ಕಾಲು ನೋವಿರಲಿಲ್ಲ.

ಉಚ್ಚಂಗೆಪ್ಪ ಮರದ ಬುಡದಲ್ಲಿ ಕೂತು ಗಡಿಗೆಗೆ ಸುಣ್ಣ ಬಳಿಯುತ್ತಿದ್ದ. ನೆರಳು ಬಿದ್ದಾಗ ತಲೆಯೆತ್ತಿದ. ಕೈ ನಿಂತಿತು.

"ತೊಳೆದಿದ್ದು ನಾನು," ಅಂದಳು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಉಳಿದದ್ದು ಅದೊಂದೇ.

"ಗೊತ್ತು."

"ಯಾವಾಗಿಂದ?"

"ಬೆರಳು ಹಾಕಿದಾಗಿಂದ."

"ಮತ್ತೆ ಯಾಕೆ ಹೇಳ್ಲಿಲ್ಲ? ನಾನು ಅಷ್ಟು ಬೈದೆ... ಒಂದು ಮಾತು ಆಡಬಾರದಿತ್ತಾ?"

ಅವನು ಗಡಿಗೆಯನ್ನು ತಿರುಗಿಸುತ್ತ ಕೂತ.

"ನನ್ನ ಗಡಿಗೇನ ಯಾರೂ ಅಷ್ಟು ಚಂದ ಮಾಡಿ ತೊಳೆದಿರಲಿಲ್ಲ. ಅದನ್ನ ತಪ್ಪು ಅಂತ ಎಲ್ರ ಮುಂದೆ ಹೆಂಗೆ ಹೇಳ್ಲಿ?"

ಅವಳ ಕಣ್ಣು ತುಂಬಿತು. ಎದುರಿಗೆ ಕೂತು, ಅವನ ಕೈಯಿಂದ ಗಡಿಗೆ ತೆಗೆದುಕೊಂಡು, ಸುಣ್ಣದಲ್ಲಿ ಬೆರಳು ಅದ್ದಿದಳು.

"ಹಿಂಗಾ?"

"ಇನ್ನೊಂಚೂರು ಕೆಳಗೆ... ಹ್ಞೂಂ, ಹಂಗೆ."

ಇಬ್ಬರ ಬೆರಳೂ ಬೆಳ್ಳಗಾಗಿದ್ದವು.

"ಸುಣ್ಣದ ಮಾತು ಅವತ್ತೇ ಹೇಳಬೇಕಿತ್ತು ನಾನು," ಅಂದ.

"ಅದೊಂದೇನಾ ಹೇಳದೆ ಇಟ್ಟುಕಂಡಿರೋದು?"

ಅವನು ಹಳ್ಳದ ಆಚೆ ನೋಡಿದ.

"ಇನ್ನೊಂದು ಐತೆ."

"ಹೇಳ್ರಿ ಮತ್ತೆ," ಅಂದಳು ಹೊನ್ನೂರಮ್ಮ, ಗಡಿಗೆಯಿಂದ ಕಣ್ಣೆತ್ತದೆ. "ತಡ ಆದ್ರೆ ಹುಳಿ ಬರ್ತೈತೆ."

ಅವನು ಹೇಳಿದ.